ಹಾಲಿನ ಫ್ಯಾಕ್ಟರಿಗೆ ಹೊರಟ ಪಂಪು

ಬಹಳ ಹಿಂದೇನಲ್ಲ, ಹೋದ ಸೋಮವಾರ. ಏಳು ಸಮುದ್ರದಾಚೆಯೂ ಅಲ್ಲ, ಚೆನ್ನೈನ ಗಿಂಡಿಯಲ್ಲಿ, ತಗಡಿನ ಮಾಡಿನ ಕೆಳಗೆ ಒಬ್ಬ ರಾಜನಿದ್ದ. ಹೆಸರು ವಿಷ್ಣುಮೂರ್ತಿ. ಗಾಳಿಯನ್ನು ಹೀರಿ ತೆಗೆಯುವ ಪಂಪು ತಯಾರಿಸುವುದು ಅವನ ಕಸುಬು. ಅಂದು ನಾಲ್ಕು ಪಂಪುಗಳು ಮರದ ಪೆಟ್ಟಿಗೆ ಸೇರಿ, ಬಂದರಿಗೆ ಹೊರಡುವ ಲಾರಿ ಏರಿದ್ದವು. ಶೆಡ್ಡಿನೊಳಗೇ ನಿಂತಿದ್ದ ಆ ಲಾರಿಗೆ ಅಡ್ಡವಾಗಿ ಅವನ ತಮ್ಮನ ಮಗಳು, ಅಲ್ಲೇ ಇಂಜಿನಿಯರಾಗಿದ್ದ ನಮಿತಾ, ಕೈಕಟ್ಟಿ ನಿಂತಿದ್ದಳು.

“ದಾರಿ ಬಿಡು ಮಾರಾಯ್ತಿ. ಹೊರದೇಶದಲ್ಲಿ ಹಾಲಿನ ಪುಡಿ ಮಾಡುವ ಫ್ಯಾಕ್ಟರಿಗೆ ಹೋಗುದು ಅದು.”

“ಹಾಲಿಗೆ ಆಮ್ಲವೂ ತಿನ್ನದ ಲೋಹ ಎಂತಕ್ಕೆ ದೊಡ್ಡಪ್ಪ? ಜೋಡಿಸಿಕೊಡ್ಲಿಕ್ಕೆ ನಮ್ಮ ಜನ ಬರುದು ಬೇಡವಂತೆ. ಕೆಟ್ಟರೆ ರಿಪೇರಿಗೂ ಬೇಡವಂತೆ. ಬೆಳಿಗ್ಗೆ ಆ ಫ್ಯಾಕ್ಟರಿಯವರಿಗೆ ಫೋನ್ ಮಾಡಿ, ದನದ ಹಾಲಾ ಎಮ್ಮೆಯದ್ದಾ ಅಂತ ಕೇಳಿದೆ. ಫೋನ್ ಇಟ್ಟೇಬಿಟ್ಟರು!”

ಇಂಥ ಪಂಪು ಅಣುಬಾಂಬಿನ ಸರಕು ತಯಾರಿಸಲೂ ಬೇಕಾಗುತ್ತದೆಂದು, ದೆಹಲಿಯ ಅಪ್ಪಣೆಯಿಲ್ಲದೆ ಅದು ಗಡಿ ದಾಟಬಾರದೆಂದು ವಿಷ್ಣುಮೂರ್ತಿಗೂ ಗೊತ್ತಿತ್ತು. ದೊಡ್ಡ ದೇಶಗಳೆಲ್ಲ ಕೂತು ಒಪ್ಪಿಕೊಂಡ ಕಟ್ಟಳೆ ಅದು. ಈ ನಾಲ್ಕಕ್ಕೆ ಅವನು ಆ ಅಪ್ಪಣೆ ಕೇಳಿರಲಿಲ್ಲ.

“ಕಟ್ಟಳೆ ಮಾಡಿದವರ ಹತ್ರ ಸಾವಿರಗಟ್ಟಲೆ ಬಾಂಬ್ ಉಂಟು,” ಅವನು ಸಿಡುಕಿದ. “ಅವರಿಗಿಲ್ಲದ ಮಡಿ ನಮಗೆಂತಕ್ಕೆ?”

“ಅವರ ಬಾಂಬಿಗೂ ನಾನು ಬೈತೇನೆ. ಹಾಗಂತ ಅವರ ಮನೆ ಬೆಂಕಿ ಆರಿಲ್ಲ ಅಂತ ಇನ್ನೊಂದು ಮನೆಗೆ ನಾನೇ ಕೆಂಡ ಕೊಡಬೇಕಾ?”

“ಟೈಮ್ ಆಚ್ಚು ಮ್ಮಾ,” ಹೊತ್ತಾಯಿತೆಂದು ಡ್ರೈವರ್ ಹಾರ್ನ್ ಒತ್ತಿದ. ನಮಿತಾ ಅಲುಗಲಿಲ್ಲ.

“ಈ ಆರ್ಡರ್ ತಪ್ಪಿದ್ರೆ ಶೆಡ್ಡಿಗೆ ಬೀಗ. ನಿನ್ನ ಕೆಲಸವೂ ಹೋಯ್ತು, ಗೊತ್ತಾಯ್ತಲ್ಲ?” ವಿಷ್ಣುಮೂರ್ತಿಯ ದನಿ ಏರಿತು. “ಅಷ್ಟು ಜೋರಿದ್ರೆ ನೀನೇ ಇಳಿಸು. ಯಾರೂ ಕೈ ಹಾಕುದಿಲ್ಲ.”

“ಇಳಿಸ್ತೇನೆ.”

ದುಪಟ್ಟಾ ಸೊಂಟಕ್ಕೆ ಬಿಗಿದು ಲಾರಿ ಹತ್ತಿದಳು. ಮೇಲಿನ ಕಬ್ಬಿಣದ ತೊಲೆಯಿಂದ ಇಳಿಬಿದ್ದ ಚೈನ್ ಪುಲ್ಲಿಯ ಕೊಕ್ಕೆಗೆ ಪೆಟ್ಟಿಗೆಯನ್ನು ಸಿಕ್ಕಿಸಿ ಸರಪಳಿ ಎಳೆಯತೊಡಗಿದಳು. ಡ್ರೈವರ್ ಇಂಜಿನ್ ನಿಲ್ಲಿಸಿ ಬೀಡಿ ಹಚ್ಚಿದ. ಕೆಲಸಗಾರರು ಗೋಡೆಗೊರಗಿ ನೋಡಿದರು. ಅಜ್ಜಿಯ ಕಥೆಯಲ್ಲಾಗಿದ್ದರೆ ಈ ಹೊತ್ತಿಗೆ ಇರುವೆಗಳ ಸೈನ್ಯ ಸಹಾಯಕ್ಕೆ ಬರಬೇಕಿತ್ತು. ಇಲ್ಲಿ ಬಂದದ್ದು ಅಂಗೈಗೆ ಬೊಬ್ಬೆ. ಒಂದು ಪೆಟ್ಟಿಗೆ ಎತ್ತುವುದು, ತೊಲೆಯುದ್ದಕ್ಕೆ ತಳ್ಳುವುದು, ಇಂಚಿಂಚೇ ಇಳಿಸುವುದು. ಮತ್ತೆ ಲಾರಿ ಹತ್ತುವುದು.

“ಸಾಕು, ಹಟಮಾರಿ!” ಎಂದ ವಿಷ್ಣುಮೂರ್ತಿ. ಅವಳು ತಿರುಗಿ ನೋಡಲಿಲ್ಲ.

ಬಿಸಿಲು ಶೆಡ್ಡಿನ ಬಾಗಿಲು ದಾಟಿ ಹೋದ ಮೇಲೆ ಕೊನೆಯ ಪೆಟ್ಟಿಗೆ ನೆಲ ಮುಟ್ಟಿತು. ಹೊರೆ ಕಳೆದುಕೊಂಡ ಲಾರಿ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿತ್ತು.