ಎರಡನೆಯ ಸೀಟಿ

ಎಡಗಡೆಯಿಂದ ದಾರಿಗೆ ಚಾಚಿಕೊಂಡಿದ್ದ ಕೊಂಬೆ ಚಾಲಕನ ಕೆನ್ನೆಗೆ ಫಟ್ಟನೆ ಬಡಿದಾಗ, ಹಿಂದೆಯೇ ನಡೆದು ಬರುತ್ತಿದ್ದ ಅವನ ಹೆಂಡತಿ ಈ ಸಲ ನಗಲಿಲ್ಲ. ಮೊದಲ ಕೊಂಬೆಗೆ ನಕ್ಕಿದ್ದಳು. ಬೆಳಗ್ಗೆ ಗುಡಾರದ ಎಡಬದಿಯ ಹಗ್ಗಕ್ಕೆ ಎಡವಿ, ಚಹಾದ ಪಾತ್ರೆಯ ಸಮೇತ ಅವನು ಮುಗ್ಗರಿಸಿದಾಗಲೂ ನಕ್ಕಿದ್ದಳು.

“ಸರ್ಕಾರಿ ಕಾಡು ನೋಡು, ಕೊಂಬೆಗೂ ಶಿಸ್ತಿಲ್ಲ,” ಎಂದು ಅವನು ಕೆನ್ನೆ ಉಜ್ಜಿಕೊಂಡ.

“ನೋಡ್ಕೊಂಡು ನಡೀರಿ.”

“ನೋಡ್ಕೊಂಡೇ ನಡೀತಿದೀನಿ ಕಣೆ. ಅದೇ ಬಂದು ಹೊಡೀತು.”

ಹೋದ ವಾರ ಬಸ್ಸಿನ ಎಡಗನ್ನಡಿ ಡಿಪೋದ ಕಂಬಕ್ಕೆ ತಾಗಿ ಚೂರಾದಾಗಲೂ ಅವನಾಡಿದ್ದು ಇದೇ ಧಾಟಿಯ ಮಾತು: ಕಂಬವೇ ಬಂದು ಗುದ್ದಿತಂತೆ. ದಣಿವು ಅಷ್ಟೇ, ಕೆರೆಯ ದಡದಲ್ಲಿ ಗುಡಾರ ಹಾಕಿ ಒಂದು ರಾತ್ರಿ ಮಲಗಿದರೆ ಎಲ್ಲ ಸರಿಹೋದೀತು ಎಂದು ಈ ಕಾಡಿಗೆ ಅವಳನ್ನು ಹೊರಡಿಸಿದವನೂ ಅವನೇ. ಅವನು ಚಾಲಕ, ಅವಳು ಅದೇ ಬಸ್ಸಿನ ನಿರ್ವಾಹಕಿ. ಮದುವೆಗೂ ಮೊದಲಿನಿಂದ ಮುಂದೆ ಅವನು, ಹಿಂದೆ ಅವಳು. ನಡುವೆ ಊರಿಗೆ ಊರೇ ತುಂಬಿರುತ್ತಿತ್ತು. ಅವಳು ಒಂದು ಸೀಟಿ ಊದಿದರೆ ಅವನು ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ಆ ಸೀಟಿ ಇಂದೂ ಅವಳ ಕೊರಳಲ್ಲೇ ಇತ್ತು. “ರಜೆಯಲ್ಲೂ ಇದನ್ನ ಬಿಚ್ಚಿಡಲ್ವಾ?” ಎಂದು ಅವನು ಹಂಗಿಸಿದ್ದನ್ನು ಕೇಳಿಸಿಕೊಂಡ ಕಾಡಿನ ಕಾವಲುಗಾರ, “ಇರಲಿ ಬಿಡಿ ಅಣ್ಣ, ಇಲ್ಲಿ ಗಂಟಲಿಗಿಂತ ಸೀಟಿ ಗಟ್ಟಿ. ಕೆರೆಯ ಆಚೆ ದಡದಲ್ಲಿ ಮರದ ಸೇತುವೆ ಸಿಗತ್ತೆ, ಒಂದಿಷ್ಟು ಹಲಗೆ ಕಿತ್ತುಹೋಗಿದೆ. ಅಲ್ಲಿ ಕೆಂಪು ಬಟ್ಟೆ ಕಟ್ಟಿದೀವಿ. ಕಣ್ಣಿದ್ದೋರಿಗೆ ಕಾಣತ್ತೆ,” ಎಂದಿದ್ದ.

ಕಣ್ಣು! ಡಿಪೋದ ತಪಾಸಣೆಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಅವನು ಕೊನೆಯ ಸಾಲಿನವರೆಗೂ ನೀರು ಕುಡಿದಷ್ಟು ಸಲೀಸಾಗಿ ಓದಿದ್ದ. ಎದುರಿಗಿರುವುದು ಕಾಣುವುದೇ ಎಂದು ಕೇಳಿದ್ದರು. ಪಕ್ಕದಲ್ಲಿರುವುದು ಕಾಣುವುದೇ ಎಂದು ಯಾರೂ ಕೇಳಿರಲಿಲ್ಲ. ನಾಳೆ ಬೆಳಗಿನ ಮೊದಲ ಸುತ್ತು ಅವರಿಬ್ಬರದೇ. ಶಾಲೆಯ ಮಕ್ಕಳು, ಬಸ್ಸು ನಿಲ್ಲುವ ಮೊದಲೇ ಎಡಬಾಗಿಲಿಗೆ ಜೇನಿನಂತೆ ಮುತ್ತುವ ಮಕ್ಕಳು.

ಅವಳು ಹೆಜ್ಜೆ ಚುರುಕುಗೊಳಿಸಿ ಅವನ ಎಡಕ್ಕೆ ಬಂದಳು. ಉದುರಿದ ಎಲೆಗಳು ಒದ್ದೆಯಾಗಿದ್ದುದರಿಂದ ಕಾಲಸದ್ದು ಏಳಲಿಲ್ಲ. ಭುಜಕ್ಕೆ ಭುಜ ಸಮವಾಯಿತು. ಅವನು ತಿರುಗಲಿಲ್ಲ. ಅವಳು ಅವನತ್ತ ನಾಲಿಗೆ ಚಾಚಿ ಅಣಕಿಸಿದಳು. ಹಾಗೆ ಅಣಕಿಸಿದಾಗಲೆಲ್ಲ ಥಟ್ಟನೆ ಮೂಗು ಹಿಂಡುವ ಗಂಡ ಅವನು. ಇಂದು ಮೂಗು ಮೂಗಿನ ಪಾಡಿಗಿತ್ತು.

“ಏನೇ, ಅಷ್ಟು ಹಿಂದೆ ಬಿದ್ದೆ? ಬಾಯಿಗೆ ಬೀಗ ಹಾಕ್ಕೊಂಡ್ಯಾ?” ಎಂದು ಅವನು ಮುಂದೆ ನೋಡುತ್ತಲೇ, ಹತ್ತು ಮಾರು ದೂರದವರನ್ನು ಕರೆಯುವಷ್ಟು ಜೋರಾಗಿ ಕೂಗಿದ.

ಚಾಚಿದ ನಾಲಿಗೆ ಹಾಗೆಯೇ ಒಣಗಿತು. ಅವಳು ಮೆಲ್ಲಗೆ ಹಿಂದೆ ಸರಿದು, “ಬಂದೆ,” ಎಂದಳು. ಬೆನ್ನ ಹಿಂದಿನಿಂದಲೇ, “ವಾಪಸ್ ಹೋಗ್ತಾ ಕಣ್ಣಿನ ಡಾಕ್ಟರ್ ಹತ್ರ ಒಂದ್ಸಲ ಹೋಗ್ಬರೋಣ್ವಾ?” ಎಂದು ಕೇಳಿದಳು.

“ಶುರುವಾಯ್ತಾ ನಿನ್ನ ಪುರಾಣ? ಡಾಕ್ಟರ್ ಬಾಯಿ ಬಿಟ್ರೆ ಸ್ಟೇರಿಂಗ್ ಕಿತ್ಕೊಂಡು ನನ್ನನ್ನ ಗೇಟ್ ಕಾಯೋಕೆ ಕೂರಿಸ್ತಾರೆ. ಆಮೇಲೆ ನೀನು ಯಾವನಿಗೆ ಸೀಟಿ ಊದ್ತೀಯ?” ನಗುನಗುತ್ತಲೇ ಅಂದ. ಆದರೆ ಅವನ ಕೈಗಳೆರಡೂ, ಯಾರೋ ಆಗಲೇ ಕಿತ್ತುಕೊಳ್ಳಲು ಬಂದಿರುವರೇನೋ ಎಂಬಂತೆ, ಗಾಳಿಯಲ್ಲಿ ಚಕ್ರ ಹಿಡಿದು ಬಿಗಿದಿದ್ದವು. ಆ ಮಾತಿಗೆ ಉತ್ತರ ಬರುವ ಮೊದಲೇ ಅವನು ದಾಪುಗಾಲು ಹಾಕಿದ.

ತಿರುವು ಕಳೆದದ್ದೇ ಮತ್ತೆ ಕೆರೆ ಕಂಡಿತು, ಅದರ ಮೂಲೆಗೆ ಅಡ್ಡಲಾಗಿ ಸೇತುವೆ. ಎಡಗಡೆಯ ಕಟಕಟೆಯಲ್ಲಿ ಕೆಂಪು ಬಟ್ಟೆ ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ಅವನು ಆಗಲೇ ಸೇತುವೆಯ ಮೇಲಿದ್ದ. ಜೀವಮಾನವಿಡೀ ರಸ್ತೆಯ ಎಡ ಹಿಡಿದು ನಡೆದ ಮನುಷ್ಯ, ಇಲ್ಲಿಯೂ ಎಡ ಹಿಡಿದೇ ನಡೆದಿದ್ದ. “ರೀ!” ಎಂದು ಅವಳು ಕಿರುಚಿದಳು. ಎದುರುಗಾಳಿ ಆ ಕೂಗನ್ನು ಅವಳ ಬಾಯಿಗೇ ಮರಳಿ ತುರುಕಿತು. ಕೈ ತಾನಾಗಿ ಕೊರಳಿಗೆ ಹೋಯಿತು.

ಒಂದು ಸೀಟಿ.

ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಯಾಕೆಂದು ಆ ಕಾಲು ಎಂದೂ ಕೇಳಿದ್ದಿಲ್ಲ. ಅವನು ಕತ್ತನ್ನು ಪೂರ್ತಿಯಾಗಿ ಎಡಕ್ಕೆ ಹೊರಳಿಸಿದ. ಮೊದಲು ಕೆಂಪು ಬಟ್ಟೆ; ಆಮೇಲೆ, ಹಲಗೆ ಇರಬೇಕಾದ ಕಡೆ, ತನ್ನ ಪಾದದ ನೇರ ಕೆಳಗೆ, ಕಪ್ಪು ನೀರು. ಕಾಲನ್ನು ಹಿಂದಕ್ಕೆಳೆದುಕೊಂಡು, ತಡವರಿಸುತ್ತ ಬಲಗಡೆಯ ಕಟಕಟೆಯನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದ. ಅವಳು ಓಡಿಬಂದು ಸೇತುವೆಯ ತುದಿಯಲ್ಲಿ ನಿಂತಳು.

“ನೋಡಿದ್ದೆ ಕಣೆ,” ಎಂದ.

ಅವಳು ಕೆಂಪು ಬಟ್ಟೆಯನ್ನೇ ನೋಡಿದಳು.

“ನಿಜವಾಗ್ಲೂ ನೋಡಿದ್ದೆ.”

ಕೆಳಗೆ ನೀರು ಕಂಬಗಳಿಗೆ ತಟ್ಟುತ್ತಿತ್ತು. ಅವನು ಹಿಂದಿರುಗಿ ಅವಳ ಮುಖ ನೋಡಲಿಲ್ಲ, ಬಸ್ಸಿನಲ್ಲಿಯೂ ನೋಡಿದವನಲ್ಲ. ಬೆನ್ನು ಹಾಕಿಯೇ ನಿಂತು, ನಗುವೆಲ್ಲ ಇಳಿದುಹೋದ ದನಿಯಲ್ಲಿ, “ಸರಿ, ಈಗ ಎರಡು ಊದು. ಹೊರಡೋಣ,” ಎಂದ.

ಸೀಟಿ ಇನ್ನೂ ಅವಳ ತುಟಿಗಳ ನಡುವೆಯೇ ಇತ್ತು. ಎದೆಯ ತುಂಬ ಉಸಿರೂ ಇತ್ತು. ಅವನು ಕಾಯುತ್ತಲೇ ಇದ್ದ; ಅವಳು ಆ ಉಸಿರನ್ನು ಸದ್ದಾಗದಂತೆ, ನಿಧಾನವಾಗಿ, ಮೂಗಿನಿಂದ ಹೊರಬಿಟ್ಟಳು.