ಕಿವಿಯಿಂದ ಕಿವಿಗೆ ಹದಿನಾಲ್ಕು ಅಂಕಿ

"ಎಂಟೇ ನಿಮಿಷ ಅಪ್ಪಾ. ಆಮೇಲೆ ಅದು ನನ್ನ ಬುಟ್ಟಿಯಿಂದ ತಾನಾಗೇ ಬಿದ್ದುಹೋಗುತ್ತೆ, ಇನ್ಯಾರಾದ್ರೂ ಎತ್ಕೋತಾರೆ. ಬೇಗ ಕಾರ್ಡ್ ಕೆರೆದು ನಂಬರ್ ಓದಿ," ಎಂದಳು ಫೋನಿನಲ್ಲಿ ಹನಾದಿ.

ಅವಳಪ್ಪ ಅಬೂ ಸುಹೈಲ್ ಕೂತಿದ್ದ ಶೇರ್ ಟ್ಯಾಕ್ಸಿ ಅಮ್ಮಾನಿನ ಪೇಟೆಯಿಂದ ಗುಡ್ಡ ಹತ್ತುವ ಏರಿನಲ್ಲಿ ಸಿಕ್ಕಿಕೊಂಡು ಕಾಲು ಗಂಟೆಯಾಗಿತ್ತು. ಬರುವ ಗುರುವಾರ ಹನಾದಿಯ ಮದುವೆ. ಅವಳ ಕಾಲಿಗೆ ಹಿಡಿಸುವ ಬಿಳಿ ಜೋಡು ಊರಿನ ಒಂದಂಗಡಿಯಲ್ಲೂ ಇರಲಿಲ್ಲ. ಇಂಟರ್ನೆಟ್ಟಿನ ಅಂಗಡಿಯೊಂದರಲ್ಲಿ ಕೊನೆಯ ಜೊತೆ ಉಳಿದಿತ್ತು, ಅಳತೆ ನಲವತ್ತಮೂರು. ಬ್ಯಾಂಕಿನ ಕಾರ್ಡನ್ನು ಅವರ ಮನೆಯಲ್ಲಿ ಯಾರೂ ಮುಟ್ಟಿದವರಲ್ಲ. ಹಾಗಾಗಿ ಅಬೂ ಸುಹೈಲ್ ಪೇಟೆಗಿಳಿದು, ಸಿಗರೇಟು ಮಾರುವವನ ಹತ್ತಿರ ಆ ಅಂಗಡಿಯ ಖಾತೆಗೆ ದುಡ್ಡು ತುಂಬುವ, ಐವತ್ತು ದಿನಾರಿನ ಕೆರೆಯುವ ಕಾರ್ಡು ಕೊಂಡಿದ್ದ. ಕನ್ನಡಕ ಮಾತ್ರ ಮನೆಯಲ್ಲೇ ಕೂತಿತ್ತು.

"ಇಲ್ಲಿ ಕೊಡಿ," ಎಂದು ಪಕ್ಕದ ಹೆಂಗಸು ಮಡಿಲಿನ ಸೊಪ್ಪಿನ ಚೀಲ ಕೆಳಗಿಟ್ಟು ಕಾರ್ಡು ಕಸಿದುಕೊಂಡಳು. ಮನೆಯ ಬೀಗದ ಕೈಯಿಂದ ಗರಗರ ಕೆರೆದಳು. ಉಫ್ ಎಂದು ಊದಿದ ಬೆಳ್ಳಿ ಪುಡಿ ಆಚೆ ಕಿಟಕಿಯ ಬಳಿ ಕೂತಿದ್ದ ಟೈ ಕಟ್ಟಿದವನ ಪ್ಯಾಂಟಿನ ಮೇಲೆ ಬಿತ್ತು. ಆಮೇಲೆ ಅವಳು ಸೊಪ್ಪು ಮಾರುವ ದನಿಯಲ್ಲಿ ಓದತೊಡಗಿದಳು. "ಏಳು, ಸೊನ್ನೆ, ನಾಕು..." ಮಗಳಿಗೆ ಕೇಳಿಸಲಿಲ್ಲ. ಮೊದಲಿಂದ ಓದಿದಳು.

"ನಾಕಾದ ಮೇಲೆ ಒಂಬತ್ತು, ಚಿಕ್ಕಮ್ಮಾ. ಈ ಸಲ ಒಂಬತ್ತು ನುಂಗಿದ್ರಿ," ಎಂದ ಚಾಲಕ, ಹಿಂದೆ ತಿರುಗದೆ.

ಹದಿನಾಲ್ಕು ಅಂಕಿಯೂ ಮುಗಿದವು. ಅತ್ತ ಹನಾದಿ ಅವನ್ನು ಒತ್ತಿದಳು.

"ಅಪ್ಪಾ, ಈ ಕಾರ್ಡ್ ಆಗ್ಲೇ ಬಳಸಿಯಾಗಿದೆ ಅಂತಿದೆ."

ಅಬೂ ಸುಹೈಲ್ ಅದನ್ನೇ ಗಟ್ಟಿಯಾಗಿ ಹೇಳಿದ. ಟ್ಯಾಕ್ಸಿಯೊಳಗೆ ಎಲ್ಲರೂ ಎಲ್ಲರ ಫೋನುಗಳನ್ನು ನೋಡಿದರು. ಚಾಲಕ ಇಂಜಿನ್ ಆರಿಸಿದ.

"ಇಪ್ಪತ್ತೆರಡು ವರ್ಷದಿಂದ ಹಿಂದಿನ ಸೀಟಿನ ಚಿಲ್ಲರೆ ಮೂರು ಕೈ ದಾಟಿ ನನ್ನ ಕೈಗೆ ಬರ್ತಿದೆ. ಒಂದು ದಿನ ಒಂದು ಕಾಸು ಕಮ್ಮಿ ಬಂದಿಲ್ಲ. ಇವತ್ತು ಕಿವಿಯಿಂದ ಕಿವಿಗೆ ದಾಟಿದ್ದು ಮಾತ್ರ ಮಾಯ ಆಯ್ತಾ? ಯಾರೂ ಇಳಿಯೋ ಹಾಗಿಲ್ಲ."

"ನನ್ನ ಫೋನ್ ನೋಡ್ಕೊಳ್ಳಪ್ಪ," ಎಂದಳು ಸೊಪ್ಪಿನವಳು. "ಅದರಲ್ಲಿ ಅಲೋ ಅನ್ನೋಕಾದ್ರೆ ಅದೇ ನನ್ನ ಪುಣ್ಯ."

ಟೈ ಕಟ್ಟಿದವನ ಕಿವಿ ಕೆಂಪಾಗಿತ್ತು. "ಚಿಕ್ಕಪ್ಪಾ, ನಾನು ಬರೀ ಪರೀಕ್ಷೆ ಮಾಡಿದ್ದು. ಈಗ ನಕಲಿ ಕಾರ್ಡ್ ಜಾಸ್ತಿ. ಅಸಲಿಯೋ ಅಲ್ವೋ ನೋಡೋಣ ಅಂತ ನಂಬರ್ ಹಾಕಿದೆ."

"ಹಾಕಿದ್ರೆ?"

"ಅಸಲಿ."

"ಸಂತೋಷ. ನನ್ನ ದುಡ್ಡೆಲ್ಲಿ?"

"ಆ ಅಂಗಡೀಲಿರೋ ನಮ್ಮಮ್ಮನ ಖಾತೆಗೆ ಹೋಗ್ಬಿಡ್ತು. ನನ್ನ ಫೋನಲ್ಲಿರೋದು ಅವರದ್ದೇ. ವಾಪಸ್ ತೆಗೆಯೋಕೆ ಬರಲ್ಲ, ಆದ್ರೆ ಜೋಡನ್ನ ಇದರಿಂದ್ಲೇ ಕೊಳ್ಳಬಹುದು." ಅವನ ಹೆಬ್ಬೆರಳು ಆಗಲೇ ಹುಡುಕುತ್ತಿತ್ತು. "ಆದ್ರೆ ಇಲ್ಲಿ ಖಾಲಿ ಅಂತ ತೋರಿಸ್ತಿದೆ."

"ಖಾಲಿ ಹೇಗಾಗುತ್ತೆ? ನನ್ನ ಮಗಳ ಬುಟ್ಟೀಲಿದೆ."

"ಹಾಗಾದ್ರೆ ಅವರು ಅದನ್ನ ಕೆಳಗೆ ಹಾಕ್ಬೇಕು. ನಾನು ಎತ್ಕೋಬೇಕು."

ಹನಾದಿ ಒಪ್ಪಲಿಲ್ಲ. ಎರಡು ನಿಮಿಷ ಉಳಿದಿತ್ತು. ಕೈಬಿಟ್ಟ ಗಳಿಗೆಯಲ್ಲಿ ಬೇರೆ ಯಾರೋ ಬಾಚಿಕೊಂಡರೆ ಅವಳು ಬರಿಗಾಲಲ್ಲಿ ಮದುವೆ ಮನೆಗೆ ಹೋಗಬೇಕು. ಅಬೂ ಸುಹೈಲ್ ಟೈ ಕಟ್ಟಿದವನನ್ನು ನೋಡಿದ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಗೊತ್ತಿದ್ದ ಒಂದೇ ಒಂದು ವಿಷಯವೆಂದರೆ, ಇಂಥ ಪೆದ್ದುತನ ಕಳ್ಳರಿಗೆ ಇರುವುದಿಲ್ಲ.

"ಬಿಡಮ್ಮ," ಎಂದ.

ಚಾಲಕ ಬೆರಳೆತ್ತಿ ಮೂರರವರೆಗೆ ಎಣಿಸಿದ. ಅತ್ತ ಮಗಳು ಬಿಟ್ಟಳು. ಇತ್ತ ಹೆಬ್ಬೆರಳು ಒತ್ತಿತು. ಸೊಪ್ಪಿನವಳು ಅಬೂ ಸುಹೈಲನ ತೋಳನ್ನೇ ಹಿಸುಕುತ್ತಿದ್ದಳು.

"ಸಿಕ್ತು," ಎಂದ ಟೈ ಕಟ್ಟಿದವನು. "ನಮ್ಮನೆ ವಿಳಾಸಕ್ಕೆ ಬರುತ್ತೆ. ಮಂಗಳವಾರ ನಾನೇ ತಂದು ಕೊಡ್ತೀನಿ, ದೇವರಾಣೆ."

ಅವನ ಮಾತು ಮುಗಿಯುವ ಮೊದಲೇ ಅವನ ಫೋನು ಬಡಿದುಕೊಂಡಿತು. "ಅಮ್ಮ," ಎಂದು ಅವನು ಫೋನನ್ನು ಎಲ್ಲರಿಗೂ ತೋರಿಸಿದ. "ಖರೀದಿಯ ಸಂದೇಶ ಅವರಿಗೇ ಹೋಗುತ್ತೆ."

"ಎಲ್ಲರಿಗೂ ಕೇಳೋ ಹಾಗೆ ಹಾಕು," ಎಂದ ಚಾಲಕ. ಅವನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

"ಏನೋ ಇದು, ಬಿಳಿ ಮದುವೆ ಜೋಡು? ನಮ್ಮನೆಗೆ? ನಿನಗೆ ಮೂವತ್ನಾಕು ವರ್ಷ ಆಯ್ತು, ನಾನು ತೋರಿಸಿದ ಒಂದು ಹುಡುಗೀನೂ ನೀನು ಕಣ್ಣೆತ್ತಿ ನೋಡ್ಲಿಲ್ಲ. ಈಗ ನನಗೂ ಹೇಳ್ದೆ ಜೋಡು ತರಿಸೋ ಮಟ್ಟಕ್ಕೆ ಹೋಗಿದೀಯಾ?"

"ಅಮ್ಮಾ, ಹಾಗಲ್ಲ, ಆ ಹುಡುಗಿ..."

"ಅವಳಪ್ಪನಿಗೆ ಗೊತ್ತೇನೋ?"

"ಗೊತ್ತಮ್ಮ, ಇಲ್ಲೇ ಪಕ್ಕದಲ್ಲಿ ಕೂತಿದಾರೆ, ಆದ್ರೆ..."

ಆ ‘ಆದ್ರೆ’ ಅಮ್ಮನಿಗೆ ಕೇಳಲೇ ಇಲ್ಲ. ನಾಲಗೆ ಕುಣಿಸಿ ಹೊರಡಿಸುವ ಮದುವೆಮನೆಯ ಆ ಉದ್ದ ಕೂಗು ಫೋನನ್ನು ಸೀಳಿಕೊಂಡು ಬಂತು. ಅಂಥ ಕೂಗಿಗೆ ಮಾರುತ್ತರ ಕೊಡದೆ ಬಿಟ್ಟ ಹೆಂಗಸು ಆ ಗುಡ್ಡದಲ್ಲಿ ಇನ್ನೂ ಹುಟ್ಟಿಲ್ಲ. ಸೊಪ್ಪಿನವಳು ಏನನ್ನೂ ಯೋಚಿಸದೆ, ಅಬೂ ಸುಹೈಲನನ್ನು ದಾಟಿ ಕಿಟಕಿಯಿಂದ ತಲೆ ಹೊರಹಾಕಿ, ಅದಕ್ಕಿಂತ ಒಂದು ಮೊಳ ಉದ್ದದ್ದನ್ನೇ ಕೂಗಿದಳು. ಹಿಂದಿನ ಕಾರು ದಿಬ್ಬಣದ ತಾಳದಲ್ಲಿ ಹಾರನ್ ಹೊಡೆಯಿತು. ಅದರ ಹಿಂದಿನದು, ಅದರ ಹಿಂದಿನ ಬಸ್ಸು, ಹಾಗೇ ಏರಿನುದ್ದಕ್ಕೂ.

"ಅಪ್ಪಾ," ಎಂದಳು ಹನಾದಿ, ಇನ್ನೂ ಕಿವಿಯಲ್ಲೇ ಇದ್ದವಳು. "ಅದೇನು ಗದ್ದಲ? ಯಾರ ದಿಬ್ಬಣ?"

ಅಬೂ ಸುಹೈಲ್ ಬಾಯಿಗೆ ಕೈ ಮರೆಮಾಡಿ ಫೋನಿಗೆ ಹೇಳಿದ. "ನಿಂದೇ ಅಂತ ಕಾಣುತ್ತಮ್ಮ. ಗಂಡು ಯಾರು ಅನ್ನೋದನ್ನ ಮಾತ್ರ ಮನೆಗೆ ಬಂದು ಹೇಳ್ತೀನಿ."