ಬ್ಯಾಂಡೇಜು ಬಿಚ್ಚಿದಾಗ

ಗದಗಿನ ಟಾಕೀಸುಗಳಲ್ಲಿ ಈಗ ನಾಯಕಿಗೆ ಸ್ವಂತ ಮುಖವಿರುವುದಿಲ್ಲ. ನೋಡಲು ಬಂದವರಲ್ಲೇ ಒಬ್ಬರ ಮುಖವನ್ನು ಪರದೆ ಆರಿಸಿಕೊಳ್ಳುತ್ತದೆ. ಇವತ್ತಿನದು ಮುಖ ಸುಟ್ಟ ಹುಡುಗಿಯ ಕಥೆ. ಕೊನೆಗೆ ಡಾಕ್ಟರು ಅವಳ ಬ್ಯಾಂಡೇಜು ಬಿಚ್ಚತೊಡಗಿದಾಗ ಹದಿನಾರರ ನಾಗವೇಣಿ ಪಕ್ಕದಲ್ಲಿ ಕೂತಿದ್ದ ಅವ್ವನತ್ತ ಸರಿದಳು. ಎಳೆಗೂಸಾಗಿದ್ದಾಗಲೇ ಸುಟ್ಟಿದ್ದ ತನ್ನ ಕೆನ್ನೆಯ ಮೇಲೆ ಓಢಣಿ ಎಳೆದುಕೊಂಡಳು. ಅಲ್ಲಿ ತನ್ನ ಮುಖವೇ ಬಂದರೆ ಇಡೀ ಟಾಕೀಸು ಚೀರುತ್ತದೆ.

"ಯವ್ವಾ, ಹೋಗೂಣು ನಡಿ."

"ಸುಮ್ನ ಕುಂದ್ರ."

ಬ್ಯಾಂಡೇಜು ಕಳಚಿತು. ಅವೇ ಕಣ್ಣು, ಹುಬ್ಬಿನ ಮೇಲೆ ಅದೇ ಮಚ್ಚೆ. ನಾಗವೇಣಿಯೇ! ಕೆನ್ನೆ ಮಾತ್ರ ನುಣ್ಣಗಿತ್ತು. ಸುಟ್ಟ ಕಲೆಯನ್ನು ಪರದೆ ಅಳಿಸಿಬಿಟ್ಟಿತ್ತು. ಯಾರೂ ಚೀರಲಿಲ್ಲ, ಚಪ್ಪಾಳೆ ತಟ್ಟಿದರು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಅವಳ ಕಿವಿಯಲ್ಲಿ ಪಿಸುಗುಟ್ಟಿದಳು: "ಎಷ್ಟ್ ಚಂದ ಅದಾಳ ನೋಡ! ಯಾರ ಮಗಳೋ ಏನೋ!"